ನಕಾಶಿ ಇಲ್ದ ಯುದ್ಧದ ಪುಸ್ತಕ ಹೆಂಗ ತಿಳೀಬೇಕ್ರಿ

ಸರ್, ಸ್ಟಾಲಿನ್‌ಗ್ರಾಡ್, ವಾಟರ್ಲೂ ಯುದ್ಧದ ಮ್ಯಾಲಿನ ಪುಸ್ತಕ ಓದ್ರಿ ಅಂತ ಬರ್ದೀರಿ, ಭಾಳ ಚಲೋ ಆಯ್ತು, ನಾ ಕಲಬುರಗಿಯವ, ಇಂಥವು ಸಿಕ್ರ ಬಿಡಂಗಿಲ್ಲ. ಆದ್ರ ಒಂದ್ ಮಾತು, ನಕಾಶಿ ಇಲ್ದ ಪುಸ್ತಕ ತಗೋಬ್ಯಾಡ್ರಿ. 1942ರ ನವೆಂಬರ್‌ದಾಗ ರಷ್ಯಾದವ್ರು ಸ್ಟಾಲಿನ್‌ಗ್ರಾಡ್ ಊರೊಳಗಿನ ಜರ್ಮನ್ನರ ಮ್ಯಾಲ ನೇರ ಬೀಳ್ಲಿಲ್ಲ, ಎರಡೂ ಬಾಜೂಕ ನಿಂತಿದ್ದ ರೊಮೇನಿಯಾ ಪಡಿ ಮುರ್ದು ಹಿಂದಿಂದ ಸುತ್ತಿದ್ರು, ಇದು ನಕಾಶಿ ನೋಡಿದ್ರನ ತಲಿಗಿ ಹತ್ತತದ.

ಮತ್ತ ನಮ್ಮ ಕಡಿ ಯುದ್ಧನೂ ಸೇರಸ್ರಿ. 1520ರ ರಾಯಚೂರು ಯುದ್ಧ ತಗೋರಿ, ಆದಿಲಶಾಹಿ ತೋಪು ಒಮ್ಮಿಗೇ ಹಾರಿದಾಗ ವಿಜಯನಗರದ ಮುಂದಿನ ಸಾಲು ಹಿಂದ ಸರೀತು, ಆವಾಗ ಕೃಷ್ಣದೇವರಾಯ ತಾನೇ ಮುಂದ ನುಗ್ಗಿದ, ಓಡೋರಿಗಿ ಬೆನ್ನಿಗಿ ಕೃಷ್ಣಾ ಹೊಳಿ, ಎಷ್ಟೋ ಮಂದಿ ಅದ್ರಾಗೇ ಹೋದ್ರು. ಆಮ್ಯಾಲ ರಾಯಚೂರು ಕೋಟಿ ಹಿಡಿಯೂಮುಂದ ಪೋರ್ಚುಗೀಸ್ ಬಂದೂಕಿನವ್ರು ಗೋಡಿ ಮ್ಯಾಲಿನವ್ರಿಗಿ ಗುರಿ ಇಟ್ಟು ಹೊಡದ್ರು. ಇದನ್ನ ಬರ್ದಿಟ್ಟಾಂವ ನೂನಿಸ್ ಅನ್ನೋ ಪೋರ್ಚುಗೀಸ್ ಕುದ್ರಿ ವ್ಯಾಪಾರಿ.

ನಮ್ಮ ಕಲಬುರಗಿ ಕೋಟ್ಯಾಗಿನ ಉದ್ದನ್ನ ತೋಪಿನ ಮುಂದ ಹುಡುಗ್ರು ಸೆಲ್ಫಿ ತಕ್ಕೋತಾರ, ಅದನ್ನ ಹೆಂಗ ತುಂಬ್ತಿದ್ರು, ಎಷ್ಟ್ ಮಂದಿ ಬೇಕಿತ್ತು ಅಂತ ಹೇಳೋ ಒಂದ್ ಸಾದಾ ಕನ್ನಡ ಪುಸ್ತಕ ಅವ್ರ ಕೈಗಿ ಸಿಗಬೇಕ್ರಿ.