ಒಂದು ಬಾಟಲಿ ನೀರು ಸಾಕಿತ್ತು

ನೀರು ಹೊಡೆದು ನೋಡೋಕೆ ಎಷ್ಟು ಹೊತ್ತು ಬೇಕು? ಒಂದು ನಿಮಿಷ? ಅಷ್ಟೂ ಬೇಡ. ಈಗ ತಾನೇ ನನ್ನ ಹಳೇ ಬೈಕಿನ ಮೇಲೆ ನಾನೇ ಮಾಡಿ ನೋಡಿದೆ. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಇದೆಯಲ್ಲ, ಅದರಲ್ಲಿ. ಕಾರ್ಬೊರೇಟರಿಗೂ ಇಂಜಿನ್ ಬ್ಲಾಕಿಗೂ ನಡುವೆ ಇರುವ ಆ ರಬ್ಬರ್ ಕೊಳವೆ, ಮ್ಯಾನಿಫೋಲ್ಡ್ ಅಂತಾರಲ್ಲ, ಅದರ ಮೇಲೆ ಹೊಡೆದೆ. ಮೇಲ್ಗಡೆ ಏನೂ ಆಗಲಿಲ್ಲ. ಕೆಳಗಡೆ ಹೊಡೆದೆ ನೋಡಿ, ಅಷ್ಟು ಹೊತ್ತು ಅರಚುತ್ತಿದ್ದ ಗಾಡಿಯ ಅರಚಾಟ ಇಳಿಯಿತು. ಅಲ್ಲಿದ್ದ ಸೀಳನ್ನು ನೀರು ಮುಚ್ಚಿತ್ತು. ನೀರು ಆರಿತು, ಮತ್ತೆ ಅರಚಿತು. ಮೂರು ಸಲ ಮಾಡಿದೆ. ಮೂರು ಸಲವೂ ಅದೇ.

ಇದಕ್ಕೆ ಗ್ಯಾರೇಜಿನವನ ಕೈಯಲ್ಲಿ ಮೂರು ವಾರ! 6,400 ರೂಪಾಯಿ!

ಪ್ಲಗ್ ಬದಲಾಯಿತು, ಕಾಯಿಲ್ ಬದಲಾಯಿತು. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆದಾಯಿತು. ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ಜೆಟ್ ತೆಗೆದು ದೊಡ್ಡದು ಹಾಕಿದ್ದೂ ಆಯಿತು. ನಿನ್ನೆ ಹೇಳ್ತಾನೆ, "ಬೋರ್ ಮಾಡಿಸಿಬಿಡಿ ಸಾರ್, ಇಂಜಿನ್ ಹೋಗಿದೆ." ಇಂಜಿನ್ ಹೋಗಿದೆಯಂತೆ.

ಒಂದು ಶನಿವಾರ ನಾನು ಅವನನ್ನೇ ಕೇಳಿದ್ದೆ. ಮರ್ಯಾದೆಯಾಗಿಯೇ ಕೇಳಿದ್ದೆ. "ಅಣ್ಣಾ, ಎಲ್ಲಾದ್ರೂ ಏರ್ ಎಳೀತಿದೆಯಾ? ಚೋಕ್ ಎಳೆದ್ರೆ ಸರಿ ಹೋಗುತ್ತೆ, ಬಿಟ್ರೆ ರೇಸ್ ಇಳಿಯಲ್ಲ. ಪ್ಲಗ್ ಬೇರೆ ಸುಣ್ಣದ ಹಾಗೆ ಬೆಳ್ಳಗಿದೆ." ಅವನು ಸ್ಪ್ಯಾನರ್ ಕೆಳಗಿಟ್ಟ. ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಒಂದೊಂದೇ ಬೆರಳು, ನಿಧಾನವಾಗಿ. ಆಮೇಲೆ ಹುಡುಗನನ್ನು ಕೂಗಿದ. "ಲೋ, ಬಾರೋ ಇಲ್ಲಿ. ಸಾರ್ ಮೊಬೈಲ್ ನೋಡಿ ಕಲ್ತ್ಕೊಂಡು ಬಂದಿದ್ದಾರೆ. ಸ್ಪ್ಯಾನರ್ ಅವರ ಕೈಗೆ ಕೊಡು. ನಾವು ಟೀ ಕುಡ್ಕೊಂಡು ಬರೋಣ." ಬೆಂಚಿನ ಮೇಲಿದ್ದ ಮೂವರು ನಕ್ಕರು. ಆ ಹುಡುಗ ನಿಜವಾಗಿಯೂ ಸ್ಪ್ಯಾನರ್ ಎತ್ತಿ ನನ್ನ ಕಡೆ ಚಾಚಿದ. ಅವನಿಗೆ ಮೀಸೆಯೂ ಬಂದಿಲ್ಲ.

ನಾನು ಏನು ಮಾಡಿದೆ ಗೊತ್ತಾ? ನಾನೂ ನಕ್ಕೆ. "ಇಲ್ಲ ಅಣ್ಣಾ, ಸುಮ್ನೆ ಕೇಳ್ದೆ, ನಿಮಗೆ ಗೊತ್ತಿರಲ್ವಾ" ಅಂದೆ. ಟೀ ದುಡ್ಡೂ ನಾನೇ ಕೊಟ್ಟೆ. ಆರು ಟೀ.

1995ರ ಯಮಹಾ ಆರ್‌ಎಕ್ಸ್ 100 ಬೈಕು, ಅಪ್ಪ ಕೊಂಡಿದ್ದು. ಆ ರಬ್ಬರನ್ನು ಯಾರೂ ಬದಲಾಯಿಸಿಲ್ಲ. ಇಷ್ಟು ವರ್ಷ ಬಿಸಿ, ಪೆಟ್ರೋಲು ಎರಡನ್ನೂ ತಿಂದ ರಬ್ಬರ್ ಸೀಳದೆ ಇನ್ನೇನು ಮಾಡುತ್ತೆ? ಬೆಳಿಗ್ಗೆ ತಣ್ಣಗಿರುವಾಗ ಸೀಳು ಮುಚ್ಚಿಕೊಂಡಿರುತ್ತೆ, ಗಾಡಿ ಒಳ್ಳೆ ಹುಡುಗನ ಹಾಗೆ ನಿಲ್ಲುತ್ತೆ. ಎರಡು ಕಿಲೋಮೀಟರ್ ಓಡಿಸಿ, ಆಗ ಬಾಯಿ ಬಿಡುತ್ತೆ. ಟೌನ್ ಹಾಲ್ ಸಿಗ್ನಲ್ಲಿನಲ್ಲಿ ನಾನು ಆಕ್ಸಿಲರೇಟರ್ ಮುಟ್ಟದೇ ಇದ್ದರೂ ಅದು ತಾನಾಗಿಯೇ ಕಿರುಚುತ್ತಿತ್ತು. ಟ್ರಾಫಿಕ್ ಪೊಲೀಸ್ ನನ್ನ ನೆರೆತ ತಲೆ ನೋಡಿ, "ಏನ್ರೀ ಈ ವಯಸ್ಸಲ್ಲಿ" ಅಂದರು. ಅದನ್ನು ಬಿಡಿ. ಟೂ ಸ್ಟ್ರೋಕ್ ಗಾಡಿ ಇದು. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗಿ ಬಿಸಿಯೇರಿ ನಡುರಸ್ತೆಯಲ್ಲಿ ಪಿಸ್ಟನ್ ಹಿಡಿದುಕೊಂಡು ಇಂಜಿನ್ ಜಾಮ್ ಆಗಿದ್ದರೆ? ಹಿಂದೆ ಬಸ್ ಇದ್ದಿದ್ದರೆ? ಯಾರು ಹೊಣೆ? ಗ್ಯಾರೇಜ್ ನಡೆಸುವವರು ಯಾರಾದ್ರೂ ಇದ್ದರೆ ಉತ್ತರ ಹೇಳಿ. ನಿಜವಾಗಿಯೂ ಕೇಳ್ತಿದ್ದೀನಿ.

ಇನ್ನೊಂದು ವಿಷಯ ಹೇಳಬಾರದು ಅಂದುಕೊಂಡಿದ್ದೆ. ರಬ್ಬರ್ ಬಿಚ್ಚಿ ತಿರುಗಿಸಿ ನೋಡಿದರೆ, ಸೀಳಿನ ಪಕ್ಕ ಬೂದು ಬಣ್ಣದ್ದು ಏನೋ ಮೆತ್ತಿಕೊಂಡಿತ್ತು. ಎಂ-ಸೀಲ್. ಅದರ ಮೇಲೆ ಹೆಬ್ಬೆರಳಿನ ಗುರುತು. ನನ್ನದೇ. ಹೋದ ವರ್ಷ ಸಣ್ಣ ಗೀರು ಅಂತ ಮೆತ್ತಿ ಮರೆತೇಬಿಟ್ಟಿದ್ದೆ. ಸರಿ, ನಾನು ಕತ್ತೆ, ಒಪ್ಪಿದೆ. ಆದರೆ ಎರಡು ಸಲ ಕಾರ್ಬೊರೇಟರ್ ಬಿಚ್ಚಿದವನ ಕಣ್ಣಿಗೂ ಅದು ಬೀಳಲಿಲ್ಲವಾ? ಪಕ್ಕದಲ್ಲೇ ಇತ್ತಲ್ರೀ!

ನಾಳೆ ಜೆ.ಸಿ. ರೋಡಿಗೆ ಹೋಗಿ ಹೊಸ ರಬ್ಬರ್ ತಂದು ನಾನೇ ಹಾಕುತ್ತೇನೆ. ಆ ಗ್ಯಾರೇಜಿನ ಬೀದಿಗೂ ಕಾಲಿಡಲ್ಲ.

ಅಯ್ಯೋ, ಆ ದೊಡ್ಡ ಜೆಟ್ ಒಂದಿದೆಯಲ್ಲ. ರಬ್ಬರ್ ಸರಿಯಾದ ಮೇಲೆ ಅದನ್ನು ಬಿಟ್ಟರೆ ಪೆಟ್ರೋಲ್ ಕುಡಿದು ಹೊಗೆ ಉಗುಳುತ್ತೆ. ನನ್ನ ಹಳೇ ಜೆಟ್ ಅವನ ಡಬ್ಬಿಯಲ್ಲೇ ಬಿದ್ದಿದೆ. ಹೋಗಲೇಬೇಕು. ಟೀ ಹೊತ್ತಿಗೆ ಹೋಗಬಾರದು, ಅಷ್ಟೇ.