ಸ್ಪಷ್ಟನೆ: ಅಡ್ರಿನಲ್ ದಪ್ಪಗಿದ್ದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ

"ಸಿಟಿ ಸ್ಕ್ಯಾನ್‌ನಲ್ಲಿ ಎರಡೂ ಅಡ್ರಿನಲ್ ಗ್ರಂಥಿ ದಪ್ಪಗೆ ಕಂಡರೆ ಅದು ಹರಡಿದ ಕ್ಯಾನ್ಸರೇ, ಬಯಾಪ್ಸಿ (ಸೂಜಿಯಿಂದ ಅಂಗಾಂಶದ ಚೂರು ತೆಗೆದು ಮಾಡುವ ಪರೀಕ್ಷೆ) ಸುಮ್ನೆ ಖರ್ಚು" ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಅಡ್ರಿನಲ್ ಅಂದರೆ ಕಿಡ್ನಿಯ ತಲೆಯ ಮೇಲೆ ಕೂತಿರುವ, ಹಾರ್ಮೋನ್ ತಯಾರಿಸುವ ಗ್ರಂಥಿ.

ಕ್ಯಾನ್ಸರ್‌ನಿಂದಲೂ ಹಾಗಾಗುತ್ತದೆ, ನಿಜ. ಆದರೆ ಟಿಬಿಯಿಂದಲೂ ಆಗುತ್ತದೆ. ಹಿಸ್ಟೊಪ್ಲಾಸ್ಮೋಸಿಸ್ ಎಂಬ ಫಂಗಸ್ ಸೋಂಕಿನಿಂದಲೂ ಆಗುತ್ತದೆ. ಎರಡಕ್ಕೂ ಔಷಧಿ ಇದೆ. ಇಂಗ್ಲೆಂಡಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಈ ಗ್ರಂಥಿ ಕೆಡುವ ಕಾಯಿಲೆಯನ್ನು ವಿವರಿಸಿದ ಕಾಲಕ್ಕೆ ಅದರ ಮುಖ್ಯ ಕಾರಣ ಟಿಬಿಯೇ ಆಗಿತ್ತು.

ಈ ಗ್ರಂಥಿ ಸಿಟಿಯಲ್ಲಿ ತಲೆಕೆಳಗಾದ ವೈ ಅಕ್ಷರದ ಹಾಗೆ ತೆಳ್ಳಗೆ ಕಾಣಬೇಕು. ಸೋಂಕು ತಗುಲಿದಾಗ ಊದಿಕೊಳ್ಳುತ್ತದೆ. ಕಾಂಟ್ರಾಸ್ಟ್ (ಸ್ಕ್ಯಾನ್ ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಕೊಡುವ ದ್ರವ) ಕೊಟ್ಟ ಮೇಲೆ ಅಂಚು ಬೆಳ್ಳಗೆ ಹೊಳೆದು, ನಡುವೆ ಕಪ್ಪಗೆ ಉಳಿಯಬಹುದು. ಆ ಕಪ್ಪು ಭಾಗ ಸತ್ತ ಅಂಗಾಂಶ. ಟಿಬಿ ಹಳೆಯದಾದರೆ ಗ್ರಂಥಿ ಕುಗ್ಗಿ, ಒಳಗೆ ಸುಣ್ಣದ ಚುಕ್ಕೆಗಳು ಕಾಣಿಸಬಹುದು.

ಇಷ್ಟಾದರೂ ಚಿತ್ರ ನೋಡಿ ಸೋಂಕೋ ಕ್ಯಾನ್ಸರೋ ಎಂದು ಖಚಿತವಾಗಿ ಹೇಳಲಾಗದು. ಅದಕ್ಕೇ ಅಲ್ವಾ ಬಯಾಪ್ಸಿ ಬೇಕಾಗುವುದು? ಅದಕ್ಕೂ ಮುಂಚೆ ಫಿಯೋಕ್ರೊಮೊಸೈಟೋಮಾ (ಬಿಪಿ ಏರಿಸುವ ಹಾರ್ಮೋನ್ ಸುರಿಸುವ ಅಡ್ರಿನಲ್ ಗಡ್ಡೆ) ಇಲ್ಲವೆಂದು ರಕ್ತ ಅಥವಾ ಮೂತ್ರ ಪರೀಕ್ಷೆಯಿಂದ ನೋಡಿಕೊಳ್ಳಬೇಕು. ಅದಿದ್ದಾಗ ಸೂಜಿ ಹಾಕಿದರೆ ಬಿಪಿ ವಿಪರೀತ ಏರಬಹುದು.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಅದನ್ನು ನಂಬಿ ಯಾರಾದರೂ ಬಯಾಪ್ಸಿ ಬಿಟ್ಟರೆ, ವಾಸಿಯಾಗುವ ಸೋಂಕು ಒಳಗೇ ಬೆಳೆಯುತ್ತದೆ. ಇಂಥ ರಿಪೋರ್ಟ್ ಇದ್ದು, ಜಾಸ್ತಿ ಸುಸ್ತು, ತೂಕ ಇಳಿಕೆ, ಚರ್ಮ ಕಪ್ಪಾಗುವುದು, ಎದ್ದು ನಿಂತರೆ ತಲೆಸುತ್ತು ಇದ್ದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ, ಕಾರ್ಟಿಸಾಲ್ (ಈ ಗ್ರಂಥಿ ತಯಾರಿಸುವ ಹಾರ್ಮೋನ್) ಪರೀಕ್ಷೆಯ ಬಗ್ಗೆ ಕೇಳಿ.