ಬಾಕ್ಸ್ ಇದ್ಯಾ ಸಾರ್?

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಇದನ್ನ ಬರೆದು ಹೊರಗೆ ಹಾಕದಿದ್ರೆ ಅಂಗಡಿಯಲ್ಲಿ ಬಿಚ್ಚಿಟ್ಟಿರೋ ಪಂಪ್‌ಸೆಟ್‌ಗಳಿಗೆ ಗ್ರಹಚಾರ.

ಪಕ್ಕದ ಹೋಮ್‌ಸ್ಟೇಗೆ ಬಂದಿದ್ದ ಬೆಂಗಳೂರಿನವರೊಬ್ಬರು ಹುಡುಕ್ಕೊಂಡು ಬಂದ್ರು. "ನಿಮ್ಮ ಹತ್ರ ಹಳೇ ಹಾರ್ನ್‌ಬಿ ಆಟಿಕೆ ರೈಲು ಇದೆಯಂತೆ, ನಾನೂ ಇಂಥವನ್ನ ಕೂಡಿಡೋ ಕಲೆಕ್ಟರ್" ಅಂದ್ರು. ಖುಷಿಯಾಯ್ತು. ಈ ಊರಲ್ಲಿ ನನ್ನ ರೈಲಿನ ಬಗ್ಗೆ ಕೇಳೋರು ಅಂದ್ರೆ ಎಂಟು ವರ್ಷದೊಳಗಿನವರು ಮಾತ್ರ. ಕಾಫಿ ಕೊಟ್ಟು ಅಟ್ಟಕ್ಕೆ ಕರ್ಕೊಂಡು ಹೋದೆ. ಹಾರ್ನ್‌ಬಿಯ ಡಬ್ಲೊ ಸರಣಿಯ 'ಡಚೆಸ್ ಆಫ್ ಅಥೋಲ್' ಇಂಜಿನ್ ಹಳಿ ಮೇಲೇ ಇತ್ತು. ಕರೆಂಟ್ ಕೊಟ್ಟೆ, ಗುರ್ ಅಂತ ಹೊರಟ್ತು. ಮನುಷ್ಯ ಓಡೋದನ್ನ ನೋಡ್ಲೇ ಇಲ್ಲ ಮಾರಾಯ್ರೆ! ನಿಲ್ಲಿಸೋಕೆ ಹೇಳಿ, ಎತ್ತಿ, ಮಗುಚಿ ಹಾಕಿ, ಅಡಿ ನೋಡಿ, "ಬಾಕ್ಸ್ ಇದ್ಯಾ ಸಾರ್?" ಅಂದ್ರು. ಇಲ್ಲ ಅಂದೆ. "ಅಯ್ಯೋ" ಅಂದ್ರು, ಸಾವಿನ ಮನೆಗೆ ಬಂದವರ ಹಾಗೆ. ಆಮೇಲೆ ಚಕ್ರದ ಸವೆತ ತೋರಿಸಿ, "ತುಂಬಾ ಓಡಿಸಿಬಿಟ್ಟಿದ್ದೀರಲ್ಲ" ಅಂತ ಗದರಿಸಿದ್ರು.

ರೈಲು ಓಡಿಸಿದ್ದಕ್ಕೆ ಬೈಸ್ಕೊಂಡವನು ನಾನೊಬ್ಬನೇ ಇರಬೇಕು. ಅದೂ ಒಂದು ಗಜ ರೈಲು ಹಳಿ ಇಲ್ಲದ ಕೊಡಗಿನಲ್ಲಿ! ಮೈಸೂರು-ಕುಶಾಲನಗರ ಲೈನು ಪ್ರತಿ ಎಲೆಕ್ಷನ್‌ಗೂ ಕಾಗದದ ಮೇಲೆ ಓಡಿ ವಾಪಸ್ ಹೋಗುತ್ತೆ. (ಅದು ಬರಬೇಕೋ ಬೇಡವೋ ಅನ್ನೋ ಜಗಳ ಇಲ್ಲಿ ಬೇಡ, ಕಾಮೆಂಟಲ್ಲೂ ಬೇಡ.) ಸದ್ಯಕ್ಕೆ ಈ ಜಿಲ್ಲೆಯ ರೈಲು ಸಂಚಾರದ ಪೂರ್ತಿ ಜವಾಬ್ದಾರಿ ನನ್ನ ಅಟ್ಟದ್ದು.

ಈ ರೈಲು ನಮ್ಮನೆಗೆ ಬಂದ ಕಥೆ ಹಳಬರಿಗೆ ಗೊತ್ತು. ಅಪ್ಪ ಪಾಲಿಬೆಟ್ಟದ ಕಡೆ ಎಸ್ಟೇಟಿನಲ್ಲಿ ಜನರೇಟರ್ ನೋಡ್ಕೊತಿದ್ರು. ದೊರೆ ಊರಿಗೆ ಹೊರಟಾಗ ಬಂಗಲೆ ಸಾಮಾನು ಮಾರಾಟ ಆಯ್ತು. ಬೇರೆಯವರು ಕುರ್ಚಿ, ಅಲ್ಮೇರಾ ತಂದ್ರೆ ಇವರು ರೈಲು ತಂದ್ರು. ಅಮ್ಮ ಅದಕ್ಕೆ ಏನಂದ್ರು ಅನ್ನೋದನ್ನ ಇಲ್ಲಿ ಬರೆಯೋ ಹಾಗಿಲ್ಲ. ರೈಲಿನ ಜೊತೆ ಬಂದ ಬಾಕ್ಸಿನಲ್ಲಿ ಅಜ್ಜಿ ಬಿತ್ತನೆ ಏಲಕ್ಕಿ ಇಟ್ಟಿದ್ದರಂತೆ, ಆಮೇಲೆ ಅದು ಒಲೆಗೆ ಹೋಯ್ತೋ ಗೆದ್ದಲಿಗೆ ಹೋಯ್ತೋ.

ಈಗ ವಿಷಯಕ್ಕೆ ಬರ್ತೀನಿ. ಈ ಕಲೆಕ್ಟರ್‌ಗಳ ಲೋಕದಲ್ಲಿ ಹೆಚ್ಚು ಬೆಲೆ ಯಾವುದಕ್ಕೆ? ಯಾರೂ ಆಡದೆ ಬಿಟ್ಟಿದ್ದಕ್ಕೆ. ಅಮೆರಿಕದ ಆಟಿಕೆ ರೈಲಿನ ಲಯೊನೆಲ್ ಕಂಪನಿ 1957ರಲ್ಲಿ ಹೆಣ್ಣುಮಕ್ಕಳಿಗೆ ಅಂತ ಗುಲಾಬಿ ಬಣ್ಣದ ಸ್ಟೀಮ್ ಇಂಜಿನ್ ಮಾಡ್ತು, ಹಿಂದೆ ತಿಳಿಬಣ್ಣದ ಡಬ್ಬಿಗಳು. ಹೆಣ್ಣುಮಕ್ಕಳು ಕಣ್ಣೆತ್ತಿ ನೋಡಲಿಲ್ಲ. ಅವರಿಗೂ ನಿಜವಾದ ರೈಲಿನ ಹಾಗಿರೋದೇ ಬೇಕಿತ್ತು, ಬುದ್ಧಿವಂತರು. ಸರಕು ಅಂಗಡಿಯಲ್ಲೇ ಕೊಳೀತು. ಅದಕ್ಕೇ ಇವತ್ತು ಅದು ಅಪರೂಪ, ಅದಕ್ಕೇ ಜನ ಮುಗಿಬೀಳ್ತಾರೆ. ಮಕ್ಕಳು ಇಷ್ಟಪಟ್ಟು ಸವೆಸಿದ ಕರಿ ಇಂಜಿನ್ ಮೂಲೆಗೆ, ಮಕ್ಕಳು ಬೇಡ ಅಂದದ್ದು ಗಾಜಿನ ಕಪಾಟಿಗೆ. ಎಂಥಾ ನ್ಯಾಯ!

ಅದೇ ಲಯೊನೆಲ್ ಶುರುವಾಗಿದ್ದು ಹೇಗೆ ಗೊತ್ತಾ? 1900ರ ಸುಮಾರಿಗೆ ಜೋಶುವಾ ಲಯೊನೆಲ್ ಕೋವೆನ್ ನ್ಯೂಯಾರ್ಕಿನಲ್ಲಿ ಅಂಗಡಿಯ ಗಾಜಿನ ಕಿಟಕಿಯಲ್ಲಿ ಇಡೋಕೆ ಅಂತ ಒಂದು ಬ್ಯಾಟರಿ ಗಾಡಿ ಮಾಡಿದ. ಗಿರಾಕಿಗಳು ಕಿಟಕಿಯಲ್ಲಿದ್ದ ಸಾಮಾನು ಬಿಟ್ಟು ಆ ಗಾಡಿಯನ್ನೇ ಕೇಳಿದ್ರು. ಯಾಕೆ? ಅದು ಓಡ್ತಿತ್ತು! ಗಾಜಿನ ಹಿಂದೆ ಇದ್ದಿದ್ದೂ ಓಡ್ತಿತ್ತು ಸ್ವಾಮಿ.

ನಾನು ಮೋಟರ್ ಸುತ್ತೋನು, ನನ್ನ ಕಣ್ಣಿಗೆ ಬೀಳೋದು ಬೇರೆ. ಡಬ್ಲೊ ಬಂದಿದ್ದು 1938ರಲ್ಲಿ, ಲಿವರ್‌ಪೂಲಿನ ಮೆಕ್ಯಾನೋ ಕಾರ್ಖಾನೆಯಿಂದ. ಹಳಿಯ ಅಗಲ 16.5 ಮಿಲಿಮೀಟರ್. ಆ ಹಳಿಗೆ ನ್ಯಾಯವಾಗಿ 1:87 ಅಳತೆಯ, ಅಂದ್ರೆ ನಿಜವಾದದ್ದರ 87ರಲ್ಲಿ ಒಂದು ಪಾಲಿನ ಇಂಜಿನ್ ಬರಬೇಕು. ಆದರೆ ಬ್ರಿಟನ್ನಿನ ಇಂಜಿನ್‌ಗಳು ಯುರೋಪಿನವಕ್ಕಿಂತ ಸಣಕಲು, ಅಷ್ಟು ಚಿಕ್ಕದು ಮಾಡಿದ್ರೆ ಆ ಕಾಲದ ಮೋಟರ್ ಒಳಗೆ ಕೂರಲ್ಲ. ಅದಕ್ಕೆ ಬ್ರಿಟನ್ನಿನವರು ಹಳಿ ಹಾಗೇ ಬಿಟ್ಟು ಮೇಲಿನ ಇಂಜಿನ್ನನ್ನ 1:76ಕ್ಕೆ ದೊಡ್ಡದು ಮಾಡಿದ್ರು. ಇವತ್ತಿಗೂ ಅಲ್ಲಿ ಅದೇ ಅಳತೆ ನಡೀತಿದೆ. ಅಂದ್ರೆ ಮೋಟರ್ ಮೊದಲು, ಅಂದ ಆಮೇಲೆ. ಸುಮ್ಮನೆ ಕೂರಿಸಿ ನೋಡೋದಾಗಿದ್ರೆ ಇಷ್ಟೆಲ್ಲಾ ಯಾಕೆ ಬೇಕಿತ್ತು? ಮೋಟರೇ ಬೇಡವಿತ್ತು.

ಜರ್ಮನಿಯ ಮಾರ್ಕ್ಲಿನ್ ಕಂಪನಿಯ 'ಮೊಸಳೆ'ಯನ್ನೇ ತಗೊಳ್ಳಿ. ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್ ಘಟ್ಟಕ್ಕೆ ಅಂತ ಮಾಡಿದ ನಿಜವಾದ ಎಲೆಕ್ಟ್ರಿಕ್ ಇಂಜಿನ್ನಿನ ಮಾಡೆಲ್ ಅದು, ಎರಡೂ ಕಡೆ ಉದ್ದ ಮೂತಿ, ನಡುವೆ ಡ್ರೈವರ್ ಕೂರೋ ಡಬ್ಬಿ. ಮೂರು ತುಂಡಾಗಿ ಬಳುಕುತ್ತೆ, ಅದಕ್ಕೇ ಅಷ್ಟು ಉದ್ದ ಇದ್ರೂ ತಿರುವು ದಾಟುತ್ತೆ. ಕಲೆಕ್ಟರ್‌ಗಳ ಪಟ್ಟಿಯಲ್ಲಿ ಎಲ್ಲಾ ಕಾಲಕ್ಕೂ ಮೇಲಿರೋ ಮಾಡೆಲ್. ನನಗೂ ಅದರ ಮೇಲೆ ಆಸೆ ಇದೆ, ಮುಚ್ಚಿಡಲ್ಲ. ಆದರೆ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿದ ಮೊಸಳೆ ಒಂದು ಉದ್ದನೆ ಹಸಿರು ಡಬ್ಬಿ, ಅಷ್ಟೇ. ಅದರ ಜೀವ ಇರೋದು ತಿರುವಿನಲ್ಲಿ.

"ಓಡಿಸಿದ್ರೆ ಸವೆಯುತ್ತೆ, ಮುಂದಿನವರಿಗೆ ಉಳಿಯಬೇಡವಾ?" ಅಂತ ಆ ಮಹಾಶಯರೂ ಕೇಳಿದ್ರು. ಒಪ್ಪಿದೆ, ಸವೆಯುತ್ತೆ. ಮೋಟರಿಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ಸವೆಯುತ್ತೆ, ಹೊಸದು ಹಾಕಿದ್ರಾಯ್ತು. ಆದರೆ ಇಟ್ಟರೆ ಉಳಿಯುತ್ತೆ ಅಂತ ಇವರಿಗೆ ಹೇಳಿದವರು ಯಾರು? ಎರಡನೇ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಮಾಡೆಲ್‌ಗಳ ಬಾಡಿ ಸತುವಿನ ಮಿಶ್ರಲೋಹದ್ದು. ಆ ಎರಕದಲ್ಲಿ ಚೂರು ಸೀಸ ಸೇರಿದ್ರೂ ಮುಗೀತು, ವರ್ಷಗಟ್ಟಲೆ ಒಳಗೊಳಗೇ ಉಬ್ಬಿ, ಬಿರುಕು ಬಿಟ್ಟು, ಪುಡಿಯಾಗುತ್ತೆ. ಯಾರೂ ಮುಟ್ಟಬೇಕಾಗಿಲ್ಲ. ಸೆಕೆ, ತೇವ ಸಿಕ್ಕಿದ್ರೆ ಇನ್ನೂ ಬೇಗ. ಬಾಕ್ಸ್ ಇದ್ರೆ ಬಾಕ್ಸಿನೊಳಗೇ ಪುಡಿಯಾಗುತ್ತೆ, ಗುಡಿಸೋಕೆ ಅನುಕೂಲ. ವರ್ಷಗಟ್ಟಲೆ ನಿಂತ ಮೋಟರಿನಲ್ಲಿ ಎಣ್ಣೆ ಗಟ್ಟಿಯಾಗಿ ಅಂಟಾಗುತ್ತೆ, ಪಂಪ್‌ಸೆಟ್ ಇಟ್ಟುಕೊಂಡ ಯಾವ ಬೆಳೆಗಾರರನ್ನ ಬೇಕಾದ್ರೂ ಕೇಳಿ. ಇನ್ನು ನಮ್ಮ ಕಕ್ಕಡ ತಿಂಗಳ ಮಳೆಗೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ರಟ್ಟಿನ ಬಾಕ್ಸ್ ಯಾವ ಲೆಕ್ಕ?

ಹಾಳು ಮಾಡೋರು ಬೇಕಾದ್ರೆ ಬೇರೆ ಇದ್ದಾರೆ. ಹಳೇ ಡಬ್ಲೊ ಮೋಟರ್ ಬಿಚ್ಚಿ, ಒಳಗೆ ತಿರುಗೋ ಆರ್ಮೇಚರ್ ಹಾಗೇ ಎಳೆದು ತೆಗೀತಾರಲ್ಲ, ಅವರು. ಮ್ಯಾಗ್ನೆಟ್ಟಿಗೆ ಅಡ್ಡ ಒಂದು ಕಬ್ಬಿಣದ ತುಂಡು ಕೊಡದೆ ತೆಗೆದ್ರೆ ಮ್ಯಾಗ್ನೆಟ್ ಶಕ್ತಿ ಕಳ್ಕೊಳ್ಳುತ್ತೆ. ಆಮೇಲೆ ಇಂಜಿನ್ ಬಿಸಿಯಾಗುತ್ತೆ, ಎಳೆಯಲ್ಲ. ನಿನ್ನೆ ಬಂದವರಿಗೆ ಇದನ್ನ ಹೇಳಿದೆ. ಅವರು ತಮ್ಮ ಇಂಜಿನ್‌ಗಳನ್ನ ಬಿಚ್ಚೇ ಇಲ್ಲವಂತೆ. ಓಡುತ್ತವಾ ಅಂದೆ. "ಟೆಸ್ಟ್ ಮಾಡಿಲ್ಲ" ಅಂದ್ರು. ಟೆಸ್ಟ್ ಮಾಡಿಲ್ಲ! ಮೂರು ಕಪಾಟು ತುಂಬಾ ಇಟ್ಟುಕೊಂಡು!

ತಮಾಷೆ ಅಂದ್ರೆ, ಈ ವಿಷಯದಲ್ಲಿ ನನ್ನ ಪಕ್ಷಕ್ಕಿರೋದು ಕಸ್ಟಮ್ಸ್‌ನವರು ಮಾತ್ರ. ಅವರ ಪಟ್ಟಿಯಲ್ಲಿ ಅಳತೆ ಪ್ರಕಾರ ಮಾಡಿದ ಮಾಡೆಲ್ಲೂ ಗೊಂಬೆ, ತ್ರಿಚಕ್ರ ಸೈಕಲ್ ಇರೋ ಆಟಿಕೆ ಸಾಲಿನಲ್ಲೇ ಇದೆ. 2020ರಲ್ಲಿ ಆಟಿಕೆ ಮೇಲಿನ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು, 2023ರಲ್ಲಿ ಶೇ 70. ಜೇಬಿಗೆ ಬೆಂಕಿ ಬಿತ್ತು, ನಿಜ. ಆದರೆ ಅದು ಆಟದ ಸಾಮಾನು ಅಂತ ಸರ್ಕಾರಕ್ಕಾದರೂ ಗೊತ್ತಿದೆಯಲ್ಲ.

ಒಂದು ಮಾತು ಹೇಳಿಬಿಡ್ತೀನಿ. ಅವರು ಹೋದ ಮೇಲೆ ರಾತ್ರಿ ಕೂತು, ಬಾಕ್ಸ್ ಸಮೇತ ಇರೋ ಡಚೆಸ್‌ಗೆ ಎಷ್ಟು ಅಂತ ಮೊಬೈಲಲ್ಲಿ ನೋಡಿದೆ. ಮಗಳ ಹಾಸ್ಟೆಲ್ ಫೀಸ್ ತಲೆಯಲ್ಲಿ ಸುಳೀತು. ಅಜ್ಜಿಯ ಏಲಕ್ಕಿ ಮೇಲೂ ಸ್ವಲ್ಪ ಸಿಟ್ಟು ಬಂತು. ಹೊಟ್ಟೆಗೆ ಅನ್ನ ತಿನ್ನೋನಿಗೆ ಇವೆಲ್ಲ ಬರುತ್ತೆ. ಆಗಲೇ ಅರ್ಥವಾಗಿದ್ದು, ನನಗೆ ಆ ಮನುಷ್ಯನ ಮೇಲೆ ಇಷ್ಟು ಕೋಪ ಯಾಕೆ ಅಂತ. ಒಂದೇ ಗಳಿಗೆಯಲ್ಲಿ ಅಪ್ಪನ ರೈಲಿಗೆ ನನ್ನ ಕೈಯಲ್ಲೇ ರೇಟು ಕಟ್ಟಿಸಿಬಿಟ್ಟರು.

ಈಗ ಬೆಲೆ ಕೇಳ್ಕೊಂಡು ಇನ್‌ಬಾಕ್ಸ್‌ಗೆ ಬರೋರಿಗೆ: ಮಾರಾಟಕ್ಕಿಲ್ಲ. ಮಕ್ಕಳನ್ನ ಕರ್ಕೊಂಡು ಬರೋರಿಗೆ: ಭಾನುವಾರ ಮಧ್ಯಾಹ್ನದ ಮೇಲೆ ಬನ್ನಿ. ಕರೆಂಟ್ ಇರುತ್ತಾ ಅಂತ ಫೋನ್ ಮಾಡಿ ಕೇಳಬೇಡಿ. 12 ವೋಲ್ಟಿನ ಮೋಟರ್ ಅದು, ಜೀಪಿನ ಬ್ಯಾಟರಿಗೆ ಹಾಕಿದ್ರೆ ಆರಾಮಾಗಿ ಓಡುತ್ತೆ. ಕೈಗೆ ಹಲಸಿನ ಹಣ್ಣಿನ ಅಂಟು ಇದ್ರೆ ಮಾತ್ರ ತೊಳ್ಕೊಂಡು ಬರಲಿ, ಕರೆಂಟ್ ಹರಿಯೋ ನಡುವಿನ ಮೂರನೇ ಹಳಿಗೆ ಮೆತ್ತಿಕೊಂಡ್ರೆ ಉಜ್ಜೋನು ನಾನು.